ಅಕ್ಕನ ಹೆಸರಿನ ಎಲೆತೋಟ

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ಹೀಗೆ ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಆದರೆ ಅಪ್ಪ ನನ್ನ ಓದನ್ನು ಮೊದಲ ಸಲ ಕೆಲಸಕ್ಕೆ ಹಚ್ಚಿದ್ದು ಮನೆ ಒಡೆಯುವಂಥ ವಿಷಯಕ್ಕೆ.

ಸವಣೂರಿನ ವೀಳ್ಯದೆಲೆಯ ತೋಟ ಅಪ್ಪನ ಸ್ವಂತ ದುಡಿಮೆ. ಗಂಡ ಸತ್ತ ಮೇಲೆ ಮಗಳೊಂದಿಗೆ ಮನೆಗೆ ಬಂದಿದ್ದ ಅಕ್ಕನಿಗೆ ಅದರ ಉತ್ಪನ್ನ ಮುಟ್ಟಬೇಕು ಎಂಬುದು ಅವನ ಹಟ. ತೋಟ ನೋಡಿಕೊಳ್ಳುತ್ತಿದ್ದವನು ಅಣ್ಣ.

ವಕೀಲರು ಎರಡು ದಾರಿ ಹೇಳಿದರು. ಮೃತ್ಯುಪತ್ರ ಬರೆದರೆ ಸಾಯುವತನಕ ತೋಟ ಅಪ್ಪನದೇ, ಮನಸ್ಸು ಬದಲಾದರೆ ಹರಿದುಹಾಕಬಹುದು. ಆದರೆ ನಾಳೆ ಅಣ್ಣ ಕೋರ್ಟಿಗೆ ಹೋದರೆ ಅಕ್ಕನ ಪರವಾಗಿ ಹೇಳಲು ಅಪ್ಪ ಇರುವುದಿಲ್ಲ. ಬದುಕಿರುವಾಗಲೇ ಟ್ರಸ್ಟ್ ಮಾಡಿದರೆ ತೋಟ ನೋಡಿಕೊಳ್ಳುವ ವಿಶ್ವಸ್ತ ನಾನು. ಉತ್ಪನ್ನ ಅಕ್ಕನಿಗೆ, ಆಕೆಯ ನಂತರ ಮಗಳಿಗೆ.

“ಆದ್ರ ಅದನ್ನ ಹಿಂದಕ ತಗೊಳ್ಳಾಕ ಬರೂದಿಲ್ರಿ ಯಜಮಾನ್ರ. ನಿಮ್ಮ ತ್ವಾಟಕ್ಕ ನೀವ ಬೀಗರ ಹಂಗ ಬಂದು ಹೋಗಬೇಕು,” ಎಂದರು ವಕೀಲರು.

“ನೀ ಏನಂತೀಪಾ, ಸಾಹೇಬ?” ಎಂದು ಅಪ್ಪ ನನ್ನ ಕಡೆ ತಿರುಗಿದ.

ಟ್ರಸ್ಟೇ ಗಟ್ಟಿ ಎಂದೆ.

ಕರಡು ಓದಿ ಹೇಳಿದ ದಿನ ಅಣ್ಣ ನಕ್ಕ. “ಚಲೋ ಬರ್ದಾರ. ನಾಳಿಯಿಂದ ನೀರು ಯಾರ ಹಾಯಿಸ್ತಾರ, ಅದನ್ನೂ ಬರೀರಿ. ವಿಶ್ವಸ್ತರು ಧೋತರಕ್ಕ ಕೆಸರು ಹತ್ತಿಸ್ಕೋತಾರೇನು?”

ಹಿರೇಕೆರೂರಿನಲ್ಲಿ ಮಾಸ್ತರಿಕೆ ನನ್ನದು. ಹೊಲವಾದರೆ ವರ್ಷಕ್ಕಿಷ್ಟು ಎಂದು ಲಾವಣಿಗೆ ಕೊಟ್ಟು ಕೂಡಬಹುದು. ಎಲೆಬಳ್ಳಿಗೆ ಬೇಸಿಗೆಯಲ್ಲಿ ನೀರು ತಪ್ಪಿದರೆ ತೋಟವೇ ಹೋಗುತ್ತದೆ.

“ನಾ ಹಾಯಿಸ್ತೇನಿ,” ಎಂದಳು ಒಳಬಾಗಿಲಲ್ಲಿ ನಿಂತಿದ್ದ ಅಕ್ಕ.

ಎಲೆತೋಟದಲ್ಲಿ ಹೆಂಗಸರು ಕಾಲಿಟ್ಟರೆ ಬಳ್ಳಿ ಕೊಳೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅವ್ವ ಕೂಡ ಬುತ್ತಿಯನ್ನು ಬೇಲಿಯ ಹೊರಗೇ ಇಟ್ಟು ಹಿಂದಕ್ಕೆ ಹೊಳ್ಳುತ್ತಿದ್ದಳು. ಅಷ್ಟು ದಿನ ಕಾಗದ ತಿದ್ದಿದ ನನಗೆ ಅದು ಹೊಳೆದೇ ಇರಲಿಲ್ಲ.

“ನಿನಗ ತಲಿ ನೆಟ್ಟಗೈತೇನು?” ಅಣ್ಣ ಎದ್ದು ನಿಂತ.

ಅಕ್ಕ ಅವನನ್ನು ನೋಡಲಿಲ್ಲ. “ಒಳಗ ಹೋಗಬ್ಯಾಡ ಅನ್ನೂದಾದ್ರ ಅದನ್ನ ನನಗ ಯಾಕ ಬರೀತೀ, ಯಪ್ಪಾ?”

“ನಾಳಿ ಮುಂಜಾನೆ ನನ್ನ ಜೋಡಿ ತ್ವಾಟಕ್ಕ ಬಾರವ್ವಾ,” ಎಂದ ಅಪ್ಪ. ಅದೇ ವಾರ ನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ.

ಅಣ್ಣ ಅಕ್ಕನೊಡನೆ ಮಾತು ಬಿಟ್ಟ. ಆ ಬೇಸಿಗೆ ಬಾವಿಯ ನೀರು ಇಳಿದು ಒಂದು ಸಾಲು ಬಳ್ಳಿ ಹಳದಿಯಾಯಿತು. ಓಣಿಯವರು ಬಾವಿಯ ಮಾತು ಎತ್ತಲಿಲ್ಲ, ಅಕ್ಕನ ಕಾಲಿನ ಮಾತೇ ಎತ್ತಿದರು. ರಜೆಗೆ ಹೋದವನು ತೋಟದಲ್ಲೇ ಅವಳನ್ನು ಕೇಳಿದೆ: “ಮಂದಿ ಅನ್ನೂದು ಕೇಳೀಯೇನಕ್ಕಾ?”

ಸೀರೆ ಮೇಲಕ್ಕೆ ಸಿಕ್ಕಿಸಿದ್ದ ಅಕ್ಕ ಸಲಿಕೆಯಿಂದ ಮಣ್ಣು ಎತ್ತಿ ಹಾಕುತ್ತಿದ್ದಳು.

“ನೀರಿನ ಕಾಲಿವಿ ತುಳದು ನಿಂತೀಯಲ್ಲೋ. ಇತ್ತ ಸರಿ.”

ಸರಿದೆ. ನೀರು ಹಳದಿ ಸಾಲಿನ ಕಡೆ ಹರಿಯಿತು.