ಗಾಣದ ಕೀಲು ಮತ್ತು ಅವ್ವನ ಎಡ ಹೆಬ್ಬೆರಳು

"ಕಮ್ಮಾರರ ಕುಲುಮಿಗೆ ಸರ್ಕಾರ ಪೇಟೆಂಟ್ ಕೊಟ್ರ ನಾ ಮೀಸಿ ಬೋಳಿಸ್ತೇನಿ" ಅಂದವನು ನಮ್ಮೂರ ಗಾಣದ ಸಾಹುಕಾರ. ಹಾನಗಲ್ ಸಂತೆಯಲ್ಲಿ, ಹತ್ತು ಮಂದಿಯ ಮುಂದೆ. ತಪ್ಪು ನನ್ನದೇ. ಧಾರವಾಡದಲ್ಲಿ ಬಿ.ಎ. ಪಾಸಾಗಿ ಬಂದ ಜಂಬದಲ್ಲಿ, ಕಮ್ಮಾರ ಅಪ್ಪ ಮಾಡಿದ ಹೊಸ ಸಾಧನಕ್ಕೆ ಪೇಟೆಂಟ್, ಅಂದರೆ ಕಂಡುಹಿಡಿದವರ ಹಕ್ಕುಪತ್ರ, ತರುತ್ತೇನೆಂದು ಅರ್ಜಿ ಹಾಕುವ ಮೊದಲೇ ಬಾಯಿ ಬಿಟ್ಟಿದ್ದೆ. ನಮ್ಮ ಮನೆತನದಲ್ಲಿ ಸಹಿ ಮಾಡಲು ಕಲಿತ ಮೊದಲಿಗ ನಾನು. ಜಂಬ ಇರದೆ ಏನು?

ಹಿಂದಿನ ಸುಗ್ಗಿಯಲ್ಲಿ ಅವನ ಕಬ್ಬಿಣದ ಗಾಣ ಅವ್ವನ ಬಲಗೈ ತಿಂದಿತ್ತು. ಕಬ್ಬು ಒಡ್ಡುವಾಗ ಬಳೆ ಸಿಕ್ಕಿತು, ಬಳೆಯ ಹಿಂದೆ ಬೆರಳು. ಅವ್ವ ಚೀರಿದಷ್ಟೂ ಎತ್ತುಗಳು ಬೆದರಿ ಜೋರಾಗಿ ಸುತ್ತಿದವು. ಅಪ್ಪ ಓಡಿಬಂದು, ಎತ್ತು ಎಳೆಯುವ ಮರವನ್ನು ಗಾಣಕ್ಕೆ ಸೇರಿಸಿದ್ದ ಕೀಲನ್ನು ಸುತ್ತಿಗೆಯಿಂದ ಹೊಡೆದು ಹಾರಿಸಿದ. ಮರ ಕಳಚಿತು, ಗಾಣ ನಿಂತಿತು. ಉರುಳೆಯನ್ನು ಹಿಂದಕ್ಕೆ ತಿರುವಿ ತೆಗೆದಾಗ ಅದು ಕೈಯಾಗಿರಲಿಲ್ಲ, ಕಬ್ಬಿನ ಸಿಪ್ಪೆಯಾಗಿತ್ತು. ಸಾಹುಕಾರ ಊರಿಗೆಲ್ಲ ಹೇಳಿದ್ದು ಒಂದೇ ಮಾತು: "ಆಕಿ ತೂಕಡಿಸಿದ್ಲು."

ಗಾಯ ಒಣಗುವ ಮೊದಲೇ ಅವ್ವ ಅಪ್ಪನಿಗೆ ಅಂದಳು: "ಏನ್ರಿ, ಕೈ ಸಿಕ್ಕಿತ್ತು ಖರೆ, ಕಾಲು ಬಿಡುವಾಗಿತ್ತಲ್ರಿ. ಆ ಕೀಲು ನನ್ನ ಕಾಲಿಗೆ ಸಿಗೂಹಂಗ ಇದ್ದಿದ್ರ ನಾನ ಒದ್ದು ಬಿಚ್ಚತಿದ್ದೆ."

ಅಪ್ಪ ಅದನ್ನೇ ಮಾಡಿದ. ಕಬ್ಬು ಒಡ್ಡುವವರ ಕಾಲ ಬಳಿ ಒಂದು ಪಟ್ಟಿ. ತುಳಿದರೆ ಗಾಣದ ನಡುಗಂಬದ ಸುತ್ತಲಿನ ಕಬ್ಬಿಣದ ಬಳೆಯೊಂದು ಮೇಲೆದ್ದು, ಮರ ಯಾವ ಕಡೆ ಇದ್ದರೂ ಕೀಲನ್ನು ಹಾರಿಸುತ್ತಿತ್ತು.

ಶಿಗ್ಗಾಂವಿಯ ವಕೀಲರೊಬ್ಬರನ್ನು ಕೇಳಿದೆ. "ವಕೀಲ ಯಾಕ ಬೇಕ್ರಿ? ಕಂಡುಹಿಡಿದವ್ರು ತಾವ ಕಲ್ಕತ್ತಾದ ಪೇಟೆಂಟ್ ಆಫೀಸಿಗೆ ಅರ್ಜಿ ಹಾಕಬಹುದು. ಅರ್ಜಿ ಹೋಗೂತನಕ ಯಾರಿಗೂ ತೋರಿಸಬ್ಯಾಡ್ರಿ. ಈಗಿನ ಗಾಣದಾಗ ಏನು ಕೊರತಿ, ನಿಮ್ಮದು ಹ್ಯಾಂಗ ನಡೀತೈತಿ, ಓದಿದವ ಮಾಡಾಕ ಬರೂಹಂಗ ಬರೀರಿ. ನಕ್ಷೆ ಹಚ್ಚರಿ. ಕಡೀಕ, ಹೊಸದು ಎಷ್ಟೈತಿ ಅಷ್ಟಕ್ಕ ಬೇಲಿ ಹಾಕ್ರಿ. ಇಡೀ ಗಾಣ ನಂದು ಅಂದ್ರ ಎಲ್ಲಾ ಹೋತು."

ಈಗಿನ ಗಾಣದ ಕೊರತೆ! ನಾನು ಬರೆದ ಮೊದಲ ಸಾಲೇ, "ಈ ಗಾಣಗಳು ಎಚ್ಚರವಿದ್ದವರ ಕೈಯನ್ನೂ ಎಳೆದುಕೊಳ್ಳುತ್ತವೆ" ಎಂದು. ಸಂತೆಯಲ್ಲಿ ಬಾಯಿ ಬಿಟ್ಟಾಗ ಈ ಸಾಲನ್ನೂ ಅಂದುಬಿಟ್ಟಿದ್ದೆ.

ಸಂತೆಯ ಮರುವಾರ ಹಾಡಹಗಲೇ ಸಾಹುಕಾರ ನಾಲ್ಕು ಆಳು ಕರೆದುಕೊಂಡು ಕುಲುಮೆಗೆ ನುಗ್ಗಿದ. "ನನ್ನ ಗಾಣ ಕೈ ತಿಂತೈತಿ ಅಂತ ಡಂಗುರ ಹೊಡೀತಿಯೇನಲೇ?" ಬಡಿಗೆಯ ಮೊದಲ ಏಟಿಗೇ ಅಪ್ಪನ ಹೆಗಲ ಎಲುಬು ಮುರಿದ ಸದ್ದು ಕೇಳಿತು. ಬಿದ್ದವನನ್ನೂ ಬಡಿದರು. ಬೆಂಕಿಯೊಳಗಿದ್ದ ಇಕ್ಕಳ ಎಳೆದು ಒಬ್ಬನ ತೊಡೆಗೆ ಒತ್ತಿದೆ. ಚರ್ಮ ಚುರ್ರೆಂದಿತು. ಉಳಿದವರು ನನ್ನ ಎರಡು ಹಲ್ಲು ಉದುರಿಸಿದರು. ಅಪ್ಪನ ದೊಡ್ಡ ಸುತ್ತಿಗೆಯಿಂದಲೇ ಪಟ್ಟಿ, ಬಳೆ, ಕೀಲು ಎಲ್ಲವನ್ನೂ ಜಜ್ಜಿ ಹಾಕಿದರು.

ಆದರೆ ಕಲ್ಕತ್ತಾ ಕೇಳಿದ್ದು ಕಬ್ಬಿಣವನ್ನಲ್ಲ, ಕಾಗದವನ್ನು. ಅದು ನನ್ನ ಕಾಲೇಜಿನ ಪುಸ್ತಕಗಳ ನಡುವೆ ಭದ್ರವಾಗಿತ್ತು.

ಅರ್ಜಿಯಲ್ಲಿ ಒಂದು ಪ್ರತಿಜ್ಞೆ ಇತ್ತು: ಇದನ್ನು ನಿಜವಾಗಿ, ಮೊದಲು ಕಂಡುಹಿಡಿದವರು ನಾವೇ ಎಂದು. ಅಪ್ಪನ ಹೆಸರು ಬರೆಯಲು ಹೊರಟೆ. ಹೆಗಲಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದವನು ಎದ್ದೇಬಿಟ್ಟ.

"ನಾ ಬಡದಾಂವ ಅಷ್ಟ. ಮೊದಲ ಅಂದಾಕಿ ಅಕಿ. ಸುಳ್ಳ ಬರದ್ರ ಕುಲುಮಿ ಆರತೈತಿ, ತಿಳಕೋ."

ಅವ್ವನ ಹೆಸರು ಬರೆದೆ. ಬಲ ಹೆಬ್ಬೆರಳು ಇರಲಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಎಡಗೈಯದನ್ನು ಒತ್ತಿದಳು.

ಕಲ್ಕತ್ತಾದಿಂದ ಒಮ್ಮೆ ಆಕ್ಷೇಪಣೆ ಬಂತು. ನನ್ನ ಬೇಲಿ ಅಗಲವಾಗಿತ್ತು. ಕಾಲ ಪಟ್ಟಿ, ಬಳೆ, ಕೀಲು ಇಷ್ಟಕ್ಕೇ ಇಳಿಸಿ ಮತ್ತೆ ಕಳಿಸಿದೆ. ಒಪ್ಪಿಗೆಯಾಗಿ ಸರ್ಕಾರದ ಗೆಜೆಟ್ಟಿನಲ್ಲಿ ಅಚ್ಚಾಯಿತು. ಆಮೇಲೆ ಕೆಲವು ತಿಂಗಳು ಯಾರಾದರೂ ತಕರಾರು ಹಾಕಬಹುದಿತ್ತು. ಸಾಹುಕಾರನಿಗೆ ಬಡಿಗೆ ಗೊತ್ತಿತ್ತು, ಗೆಜೆಟ್ ಗೊತ್ತಿರಲಿಲ್ಲ.

ಮೊಹರು ಒತ್ತಿದ ಪತ್ರ ಟಪಾಲಿನಲ್ಲಿ ಬಂದ ದಿನ, ಅದನ್ನು ಕಟ್ಟೆಯ ಮೇಲೆ ನಿಂತು ಊರಿಗೆ ಕೇಳುವಂತೆ ಕನ್ನಡದಲ್ಲಿ ಓದಿದೆ. ಸಾಹುಕಾರನ ಆಳುಗಳೂ ಕೇಳಿದರು. ಓದಿ, ಅವ್ವನ ಎಡಗೈಗೆ ಕೊಟ್ಟೆ. "ಚೌಕಟ್ಟು ಹಾಕಿಸಿ ಗ್ವಾಡಿಗೆ ಬಡಿತೇನಿ ಅವ್ವಾ" ಅಂದೆ, ನಮ್ಮ ಮನೆಯ ಗೋಡೆಯತ್ತ ಕೈ ತೋರಿಸಿ.

ಅವ್ವ ಅದನ್ನು ತಿರುವಿ ಮುರುವಿ ನೋಡಿದಳು.

"ಗ್ವಾಡಿಗೆ ಯಾಕೋ? ಗ್ವಾಡಿ ಯಾರ ಕೈ ತಿಂದೈತಿ? ಮೊದಲ ಹೋಗಿ ಸಾಹುಕಾರನ ಗಾಣಕ್ಕ ಆ ಕಾಲಿನ ಕೀಲ ಬಡೀರಿ."