ಮಗ್ಗದ ಬೀದಿಗೆ ಪೂರ್ತಿ ದನಿ

ತೊಂಬತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರಕ್ಕೆ ತಂತಿಯಿಲ್ಲದ ಫೋನು ಬಂತು. ಮಾಳಿಗೆಯ ಮೇಲೊಂದು ಆಂಟೆನಾ, ಗೋಡೆಗೊಂದು ಪೆಟ್ಟಿಗೆ, ಅದಕ್ಕೆ ಸಿಕ್ಕಿಸಿದ ಸಾದಾ ಫೋನು. ಲೈನಿಗಾಗಿ ವರ್ಷಗಟ್ಟಲೆ ಕಾದಿದ್ದ ಜನ ನಮ್ಮನ್ನು ದೇವರಂತೆ ಕಂಡರು. ಆ ಭಕ್ತಿ ಮೊದಲ ಕರೆ ಬರುವವರೆಗೆ ಮಾತ್ರ ಉಳಿಯುತ್ತಿತ್ತು.

ನಾನು ಫೋನ್ ಕಂಪನಿಯ ಟವರಿನ ಕೆಲಸದವನು. ಒಂದೊಂದು ಕರೆಗೂ ಗಾಳಿಯಲ್ಲಿ ಎಷ್ಟು ಜಾಗ ಕೊಡಬೇಕೆಂದು ಕಂಪ್ಯೂಟರಿನಲ್ಲಿ ಗೊತ್ತುಮಾಡುವುದು ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಡೇಟಾ ರೇಟ್ ಎನ್ನುತ್ತಿದ್ದೆವು. ಪೂರ್ತಿ ರೇಟ್ ಕೊಟ್ಟರೆ ದನಿ ಸ್ವಚ್ಛ, ಆದರೆ ಒಮ್ಮೆಗೆ ಕೆಲವರೇ ಮಾತಾಡಬಹುದು. ಅರ್ಧಕ್ಕೆ ಇಳಿಸಿದರೆ ಎರಡರಷ್ಟು ಜನ ಮಾತಾಡಬಹುದು, ದನಿ ಮಾತ್ರ ಡಬ್ಬದೊಳಗಿಂದ ಬಂದ ಹಾಗೆ. ಪೊಲೀಸ್ ಠಾಣೆ, ಆಸ್ಪತ್ರೆ ಬಿಟ್ಟು ಊರಿಗೆಲ್ಲ ಅರ್ಧವೇ ಸಾಕೆಂದು ಮೇಲಿನವರು ತೀರ್ಮಾನಿಸಿದರು. ತಣ್ಣನೆಯ ಕೋಣೆಯಲ್ಲಿ ಕೂತು ಹಲೋ ಹಲೋ ಅಂದು ನೋಡಿ ಒಪ್ಪಿಕೊಂಡ ಆ ಮಹಾನುಭಾವರು ಇಲ್ಲಿ ಮನೆಮನೆಯಲ್ಲೂ ಬಡಿಯುವ ಪವರ್‌ಲೂಮ್ ಮಗ್ಗದ ಸದ್ದನ್ನು ಜನ್ಮದಲ್ಲಿ ಕೇಳಿರಲಿಲ್ಲ. ಆ ಸದ್ದು ಹೊಕ್ಕರೆ ಅರ್ಧ ರೇಟಿನಲ್ಲಿ ಮಾತು ಉಳಿಯುತ್ತಿರಲಿಲ್ಲ.

ಬಿಡದೆ ದೂರು ತರುತ್ತಿದ್ದವರು ಒಬ್ಬ ನೇಕಾರ ಯಜಮಾನರು. ಹೆಂಡತಿ ತೀರಿಕೊಂಡಿದ್ದರು. ದೊಡ್ಡ ಮಗಳನ್ನು ಸೇಲಂ ಕಡೆಯ ನೇಕಾರರ ಮನೆಗೆ ಕೊಟ್ಟಿದ್ದರು. ಇನ್ನಿಬ್ಬರು ಹೆಣ್ಣುಮಕ್ಕಳು ಮನೆಯಲ್ಲೇ ನೂಲು ಸುತ್ತುತ್ತಿದ್ದರು. ದೊಡ್ಡವಳು ಪ್ರತಿ ಭಾನುವಾರ ಅಲ್ಲಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುವಳು. ಅವಳ ಕಡೆಯೂ ಮಗ್ಗ, ಇವರ ಕಡೆಯೂ ಮಗ್ಗ.

"ಮಗಳ ದನೀನೇ ಅಲ್ಲ ಕಣಪ್ಪ ಅದು. ಯಾರೋ ತಗಡು ಕೆರ್ದಂಗೆ ಕೇಳ್ಸುತ್ತೆ. ಅವ್ಳು ಏನೋ ಹೇಳ್ತಾಳೆ, ನಾನು ಹ್ಞೂಂ ಹ್ಞೂಂ ಅಂತೀನಿ. ಚೆನ್ನಾಗವ್ಳೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು," ಎನ್ನುತ್ತಿದ್ದರು.

ಅವರಿಗಾಗಿ ನಾನು ನಮ್ಮ ಸಾಹೇಬರ ತಲೆ ತಿಂದೆ. "ಒಂದು ಮನೆಗೆ ಕೊಟ್ರೆ ಇಡೀ ಬೀದಿ ಬಂದು ನಿಂತ್ಕೊಳ್ಳುತ್ತೆ ಕಣ್ರೀ," ಎಂದು ಅವರು ಬೈದರು. ಕೊನೆಗೆ ನನ್ನ ಕಾಟ ತಾಳಲಾರದೆ, ಪರೀಕ್ಷೆಯ ಹೆಸರಿನಲ್ಲಿ ಆ ಒಂದು ಮನೆಗೆ ಪೂರ್ತಿ ರೇಟ್ ಕೊಡಲು ಒಪ್ಪಿದರು. ಯುದ್ಧ ಗೆದ್ದವನಂತೆ ಸೈಕಲ್ ಹತ್ತಿ ಹೋದೆ.

ಆ ಭಾನುವಾರ ಯಜಮಾನರು ತಮ್ಮ ಮಗ್ಗಗಳನ್ನು ನಿಲ್ಲಿಸಿದರು. ಪಕ್ಕದ ಮನೆಯವು ಬಡಿಯುತ್ತಲೇ ಇದ್ದವು. ದನಿ ಹೇಗಿದೆ ನೋಡಲು ನಾನು ಇನ್ನೊಂದು ರಿಸೀವರನ್ನು ಅದೇ ಲೈನಿಗೆ ಸಿಕ್ಕಿಸಿ ಕಿವಿಗಿಟ್ಟುಕೊಂಡೆ. ಫೋನ್ ಬಂತು.

"ಅಪ್ಪಾ, ಕೇಳಿಸ್ತಾ?"

"ಕೇಳಿಸ್ತವ್ವಾ! ಪಕ್ಕದಲ್ಲೇ ಕೂತಂಗೈತೆ!" ಯಜಮಾನರು ನನ್ನ ಕಡೆ ತಿರುಗಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಾದ್ರೆ ಈಗ ಹೇಳು. ಪ್ರತಿ ವಾರ ಕೇಳ್ತೀನಿ, ನೀನು ಹ್ಞೂಂ ಅಂತೀಯ, ಬರಲ್ಲ. ಇವ್ರು ಹೊಡೆಯೋದು ಬಿಟ್ಟಿಲ್ಲ. ಯಾವಾಗ ಬಂದು ಕರ್ಕೊಂಡು ಹೋಗ್ತೀಯಪ್ಪಾ?" ಎಂದಳು.

ಒಂದಕ್ಷರವೂ ಕೆಟ್ಟಿರಲಿಲ್ಲ. ಅವಳ ಉಸಿರು ಕೂಡ ಕೇಳುತ್ತಿತ್ತು. ಯಜಮಾನರು ನೂಲಿನ ಮುಂದೆ ಕೂತಿದ್ದ ಇಬ್ಬರು ಹುಡುಗಿಯರ ಕಡೆ ನೋಡಿದರು. ಗಂಡನ ಮನೆ ಬಿಟ್ಟು ಬಂದವಳ ತಂಗಿಯರನ್ನು ಕೇಳಿಕೊಂಡು ಯಾರೂ ಬರುವುದಿಲ್ಲ ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಹಲೋ... ಹಲೋ... ಏನೂ ಕೇಳಿಸ್ತಿಲ್ಲ ಕಣವ್ವಾ. ಲೈನು ಸರಿ ಇಲ್ಲ," ಎಂದು ರಿಸೀವರ್ ಇಟ್ಟುಬಿಟ್ಟರು.

ಲೈನು ನನ್ನ ಕೈಯಲ್ಲಿ ಇನ್ನೂ ತೆರೆದೇ ಇತ್ತು. ಅಪ್ಪಾ, ಅಪ್ಪಾ ಎನ್ನುತ್ತಿದ್ದಳು. ಕೊನೆಗೆ ಅವಳೇ ಇಟ್ಟಳು.

ನನಗೆ ಸಿಟ್ಟು ನೆತ್ತಿಗೇರಿತ್ತು. ಅವರ ಮುಖ ನೋಡಿ ರಿಸೀವರ್ ಕೆಳಗಿಟ್ಟೆ. ಯಜಮಾನರು ಎದ್ದು ಹೋಗಿ ಮಗ್ಗದ ಸ್ವಿಚ್ ಒತ್ತಿದರು. ಸದ್ದು ಮನೆ ತುಂಬಿದ ಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಮೊದ್ಲು ಹೆಂಗಿತ್ತೋ ಹಂಗೇ ಮಾಡ್ಬಿಡಪ್ಪ," ಎಂದರು.

ಸೋಮವಾರ ಅರ್ಧಕ್ಕೆ ಇಳಿಸಿದೆ. ಆ ಮನೆಯಿಂದ ಮತ್ತೆ ದೂರು ಬರಲಿಲ್ಲ.