ಒಂದು ಮಾವಿನಕಾಯಿ ಮುಟ್ಟಿದ್ದಕ್ಕೆ ಇಡೀ ಸೀರೆ ಚಿಗುರ್ತು

ನಾನೀಗ ಹೇಳೋದನ್ನ ನೀವು ನಂಬಲ್ಲ, ಬೆಟ್ ಕಟ್ತೀನಿ. ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಹೇಳಿದೀನಿ. ನಂಬಿದ್ದು ಒಬ್ಬನೇ, ಅವನೂ ಆಮೇಲೆ ನನ್ನ ರೆಕಾರ್ಡ್ ಬುಕ್ ಕೇಳ್ದ.

ಹೋದ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜೆಲಿದ್ದೆ. ನಮ್ಮದು ದೊಡ್ಡಬಳ್ಳಾಪುರ. ಮನೆ ಮುಂದ್ಗಡೆ ನಾಲ್ಕು ಪವರ್‌ಲೂಮ್ ಮಗ್ಗ, ಪಕ್ಕದಲ್ಲೊಂದು ಪುಟ್ಟ ರೂಮು, ಅದರಲ್ಲೊಂದು ಕಂಪ್ಯೂಟರ್. ಸೀರೆ ಡಿಸೈನ್ ಮಾಡೋದು ನಮ್ಮ ಗಿರೀಶ್ ಮಾಮ. ಮಾಮನ ಹಿಂದೆ ಎರಡು ವಾರ ಕೂತು ಕಡ್ಲೆಬೀಜ ತಿಂದಿದ್ದೆ ಅಷ್ಟೆ, ಆದ್ರೆ ಬೀದಿ ತುಂಬ ನಾನೇ ಡಿಸೈನರ್ ಅಂತ ಹೇಳ್ಕೊಂಡು ಬಂದಿದ್ದೆ.

ಅವತ್ತು ಮಾಮ ನೆಲಮಂಗಲಕ್ಕೆ ಗೃಹಪ್ರವೇಶಕ್ಕೆ ಹೋಗಿದ್ರು. ಮಧ್ಯಾಹ್ನ ಊಟ ಆದ್ಮೇಲೆ ನಲ್ಲೂರಿಂದ ರಮ್ಯಕ್ಕ ಅಂತ ಮದುವೆ ಹುಡುಗಿ, ಅವರಜ್ಜಿ ಜೊತೆ ಬಂದ್ರು. ಧಾರೆ ಸೀರೆ ನಮ್ಮಲ್ಲೇ ನೇಯಬೇಕಿತ್ತು. ಮಾವಿನಕಾಯಿ ಬುಟ್ಟಾ ಅಂತ, ಸೀರೆ ತುಂಬ ಪುಟ್ಟ ಪುಟ್ಟ ಮಾವಿನಕಾಯಿ ಚಿತ್ತಾರ ಇರೋ ಡಿಸೈನ್ ಒಪ್ಕೊಂಡಾಗಿತ್ತು, ಬಣ್ಣ ಮಾತ್ರ ಬಾಕಿ. ಮಾರನೇ ದಿನ ಬೆಳಿಗ್ಗೆ ರೇಷ್ಮೆ ಬಣ್ಣ ಹಾಕ್ಸಕ್ಕೆ ಹೋಗ್ಬೇಕು. ಅವತ್ತು ಬಣ್ಣ ಹೇಳಿಲ್ಲ ಅಂದ್ರೆ ಕಂಪ್ಯೂಟರಲ್ಲಿರೋ ಕೆಂಪೇ ಗತಿ.

ರಮ್ಯಕ್ಕಂಗೆ ಕೆಂಪು ಬೇಡ. "ನಮ್ಮೂರ ಹುಣಸೆ ತೋಪು ಚಿಗುರಿದಾಗ ಒಂದು ಬಣ್ಣ ಬರುತ್ತಲ್ಲ, ಹಸಿರೂ ಅಲ್ಲ, ಕೆಂಪೂ ಅಲ್ಲ, ಅದು ಬೇಕು."

ಅಜ್ಜಿ ಹಣೆ ಚಚ್ಕೊಂಡ್ರು. "ಧಾರೆಗೆ ಯಾರಾದ್ರೂ ಸೊಪ್ಪಿನ ಬಣ್ಣ ಉಡ್ತಾರೇನೇ? ಮಂಟಪದಲ್ಲಿ ಕೂತ್ರೆ ಮೇಕೆ ಬಂದು ಮೇಯ್ಕೊಂಡು ಹೋಗುತ್ತೆ. ಕೆಂಪು ಅಂದ್ರೆ ಕೆಂಪು."

"ಒಂದ್ಸಲ ನೋಡಿ ಆಮೇಲೆ ಬೇಡ ಅನ್ನಜ್ಜಿ," ಅಂತ ರಮ್ಯಕ್ಕ ಅಂದ್ರು. ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು. "ತೋರ್ಸೋರು ಯಾರಿದಾರೆ ಇಲ್ಲಿ?" ಅಂದ್ರು ಅಜ್ಜಿ.

"ನಾನಿದೀನಲ್ಲ," ಅಂದ್ಬಿಟ್ಟೆ. ಬಾಯಿ ನಂದೇ, ಆದ್ರೆ ನನ್ನ ಕೇಳಿ ಮಾತಾಡಲ್ಲ ಅದು.

ಫೈಲ್ ತೆಗೆದೆ. ಕೆಂಪು ಸೀರೆ, ತುಂಬ ಮಾವಿನಕಾಯಿ. ಕೈ ನೆಟಿಗೆ ತೆಗೆದು, ಸೀರೆ ಮೇಲೆ ಒಂದು ಕ್ಲಿಕ್, ಹಸಿರು ಬಣ್ಣದ ಮೇಲೆ ಒಂದು ಕ್ಲಿಕ್. ಅಷ್ಟೇ! ಮಾವಿನಕಾಯಿ ಎಲ್ಲಾ ಮಾಯ. ಇಡೀ ಸೀರೆ ಪಾಚಿ ಕಟ್ಟಿದ ಕೆರೆ ಥರ ಬರೀ ಹಸಿರು.

"ಮಾವಿನಕಾಯಿ ಎಲ್ಲಪ್ಪಾ?" ಅಂದ್ರು ಅಜ್ಜಿ. "ಕಿತ್ತು ಉಪ್ಪಿನಕಾಯಿ ಹಾಕ್ಬಿಟ್ಟಾ?"

ವಾಪಸ್ ತಂದೆ. ಇನ್ನೊಂದ್ಸಲ ಮಾಡ್ದೆ, ಇನ್ನೊಂದ್ಸಲ ಹೋಯ್ತು. ಸರಿ, ಒಂದೊಂದೇ ಕಾಯಿಗೆ ಬಣ್ಣ ಹಚ್ಚೋಣ ಅಂತ ನೋಡಿದ್ರೆ ಒಂದನ್ನ ಹಿಡಿದ್ರೆ ಇಡೀ ಸೀರೆನೇ ಎದ್ದು ಬರುತ್ತೆ. ಮಾಮಂಗೆ ಹನ್ನೊಂದು ಸಲ ಫೋನ್ ಮಾಡ್ದೆ. ಹೋಳಿಗೆ ಊಟದ ಮುಂದೆ ಕೂತ ಮಾಮ, ಭೂಕಂಪ ಆದ್ರೂ ಎತ್ತಲ್ಲ. ನನ್ನ ಬೆವರು ಕೀಬೋರ್ಡ್ ಮೇಲೆ ತೊಟ್ಟಿಕ್ಕಿ ಎರಡಕ್ಷರ ಅದೇ ಟೈಪ್ ಮಾಡ್ತು. ಸತ್ಯ.

ಅಜ್ಜಿ ಚೀಲ ತಗೊಂಡು ಎದ್ರು. "ನಡಿಯೇ, ನಮ್ಮೂರಿಗೆ ಹೋಗೋ ಸೂಲಿಬೆಲೆ ಬಸ್ ಹೋಗ್ಬಿಡುತ್ತೆ. ಕೆಂಪೇ ಇರ್ಲಿ." ರಮ್ಯಕ್ಕ ಏಳಲಿಲ್ಲ.

ಆಗ ಬಾಗಿಲಲ್ಲಿ ನಮ್ಮ ಮಗ್ಗದಲ್ಲೇ ಕೆಲಸ ಮಾಡೋ ಮುನಿಯಪ್ಪ ತಾತ ನಿಂತಿದ್ರು. ಮಗ್ಗಕ್ಕೆ ಡಿಸೈನ್ ಹೇಳಿಕೊಡೋದು ತೂತು ತೂತಿನ ರಟ್ಟು, ಅದಕ್ಕೆ ಕಾರ್ಡ್ ಅಂತೀವಿ. ನಲವತ್ತು ವರ್ಷದಿಂದ ಆ ತೂತು ಹೊಡೀತಿರೋರು ತಾತ. ಮೌಸ್ ಅಂದ್ರೆ ಬೋನಿಡೋ ಜನ.

"ಲೋ, ಇಡೀ ಸೀರೆ ಹಿಡ್ಕೊಂಡು ಯಾಕ್ಲಾ ಒದ್ದಾಡ್ತೀಯ?" ಅಂದ್ರು. "ಸೀರೆ ತುಂಬ ಬುಟ್ಟಾ ಇದ್ರೂ ನಾನು ಕಾರ್ಡ್ ಹೊಡೆಯೋದು ಒಂದಕ್ಕೇ. ಅದೇ ಸುತ್ತಿ ಸುತ್ತಿ ಬರ್ತದೆ. ಬುಟ್ಟಾ ಬದಲಾಗ್ಬೇಕು ಅಂದ್ರೆ ಬಟ್ಟೆ ಮುಟ್ಟಬಾರ್ದು, ಕಾರ್ಡ್ ಮುಟ್ಟಬೇಕು. ಇದ್ರಲ್ಲೂ ಎಲ್ಲೋ ಒಂದು ಕಾರ್ಡ್ ಇರ್ಬೇಕು, ಹುಡುಕು."

ಹುಡುಕ್ದೆ. ಸ್ಕ್ರೀನ್ ಒಳಗೇ ಒಂದು ಪಕ್ಕದಲ್ಲಿ ಬಣ್ಣ ಆರ್ಸೋ ಡಬ್ಬಿಗಳ ಸಾಲಿತ್ತು, ಅದರ ಕೊನೇಲಿ ತೊಗರಿಬೇಳೆಯಷ್ಟು ಡಬ್ಬಿ, ಒಳಗೊಂದು ಪುಟಾಣಿ ಮಾವಿನಕಾಯಿ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡ್ದೆ. ಮಿಕ್ಕಿದ್ದೆಲ್ಲ ಮಸುಕಾಗಿ, ಒಂದೇ ಒಂದು ಕಾಯಿ ದೊಡ್ಡದಾಗಿ ಬಂದು ನನ್ನ ಮುಂದೆ ಕೂತ್ಕೊಂತು.

"ಇದೇ ಕಣೋ ಕಾರ್ಡು!" ಅಂದ್ರು ತಾತ.

ರಮ್ಯಕ್ಕ ಕುರ್ಚಿ ಎಳ್ಕೊಂಡು ಬಂದ್ರು. ಕಾಯಿ ಹಿಂದ್ಗಡೆ ಇದ್ದ ಕೆಂಪು ತೆಗೆದು ಎಳೇ ಹಸಿರು ಹಾಕ್ದೆ. "ಇನ್ನೂ ಎಳೇದು," ಅಂದ್ರು. ಕಾಯಿ ಹೊಟ್ಟೆಗೆ ಕೆಂಪು ಬೆರೆಸ್ದೆ. "ಅಷ್ಟು ಬೇಡ, ಬಿಸಿಲಿಗೆ ಹಿಡಿದ್ರೆ ಕಾಣ್ಬೇಕು, ಅಷ್ಟೇ." ಕಾಯಿ ಸುತ್ತಿನ ಜರಿ ಗೆರೆ ಹಾಗೇ ಬಿಟ್ಟೆ. ಉಸಿರು ಹಿಡ್ಕೊಂಡು, ಮುಗೀತು ಅನ್ನೋ ಬಟನ್ ಒತ್ತಿದೆ.

ಗುರು, ಹೆಂಗೆ ಹೇಳ್ಲಿ ಅದನ್ನ? ಕಣ್ಣು ಮಿಟುಕಿಸೋದ್ರೊಳಗೆ ಸೆರಗಿಂದ ಅಂಚಿನ ತನಕ ಇಡೀ ಸೀರೆ ಚಿಗುರ್ಬಿಡ್ತು. ಸಾವಿರಾರು ಕಾಯಿ, ಒಂದೂ ತಪ್ಪದೆ, ಒಟ್ಟಿಗೆ. ನಾನು ಮುಟ್ಟಿದ್ದು ಒಂದೇ ಒಂದು. ನಾನು ಹುಟ್ಟಿದಾಗಿಂದ ಬಾಯಿ ಮುಚ್ಚಿದ್ದು ಅದೇ ಮೊದಲನೇ ಸಲ ಅಂತ ನಮ್ಮಮ್ಮ ಈಗ್ಲೂ ಹೇಳ್ತಾರೆ. ನೆನೆಸ್ಕೊಂಡ್ರೆ ಇವತ್ತಿಗೂ ಮೈ ಜುಂ ಅನ್ನುತ್ತೆ, ಇದರಲ್ಲಿ ಒಂದಕ್ಷರನೂ ಬಿಲ್ಡಪ್ ಇಲ್ಲ.

ರಮ್ಯಕ್ಕ ಸ್ಕ್ರೀನ್ ಮೇಲೆ ಅಂಗೈ ಇಟ್ರು. ಅಜ್ಜಿ ಚೀಲ ಕೆಳಗಿಟ್ಟು ಕನ್ನಡಕ ಹಾಕ್ಕೊಂಡ್ರು, ಆದ್ರೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ತಾತ ಹೋಗಿ ಮಗ್ಗದವರನ್ನೆಲ್ಲ ಕರ್ಕೊಂಡು ಬಂದ್ರು, "ಬನ್ರೋ, ಇಲ್ಲೊಂದು ಕಾರ್ಡ್ ಐತೆ" ಅಂತ. ಒಂದು ಮಗ್ಗ ನಿಲ್ತು, ಎರಡು ನಿಲ್ತು, ನಾಲ್ಕೂ ನಿಂತೋಯ್ತು. ರೂಮ್ ತುಂಬ ಜನ. ನಾನು ಬಟನ್ ಒತ್ತೋದು, ಸೀರೆ ಕೆಂಪಾಗೋದು, ಮತ್ತೆ ಒತ್ತೋದು, ಚಿಗುರೋದು, ಎಲ್ಲರೂ "ಓಹ್" ಅನ್ನೋದು. ಅಂಥಾ ಮರ್ಯಾದೆ ನನಗೆ ಜನ್ಮದಲ್ಲಿ ಸಿಕ್ಕಿರ್ಲಿಲ್ಲ.

ಒಂದು ವಿಷಯ ಮರ್ತಿದ್ದೆ. ಮಗ್ಗದ ಮನೆ ಜನ ಸದ್ದಿಗೆ ಮಲಗ್ತಾರೆ, ಸದ್ದು ನಿಂತ್ರೆ ಎದ್ದೇಳ್ತಾರೆ.

ಮಧ್ಯಾಹ್ನದ ನಿದ್ದೆ ಕೆಟ್ಟು, ಲುಂಗಿ ಕಟ್ಕೊಂಡು ಅಪ್ಪ ಒಳಗೆ ಬಂದ್ರು. ನಿಂತಿರೋ ಮಗ್ಗ ನೋಡಿದ್ರು, ಜಾತ್ರೆ ನೋಡಿದ್ರು, ಮಾಮನ ಕುರ್ಚಿ ಮೇಲೆ ನನ್ನ ನೋಡಿದ್ರು. ಒಂದು ಕೈಯಲ್ಲಿ ನನ್ನ ಕಿವಿ, ಇನ್ನೊಂದು ಕೈ ಸೀದಾ ಗೋಡೆ ಮೇಲಿರೋ ಕಂಪ್ಯೂಟರ್ ಸ್ವಿಚ್ಚಿಗೆ. ನಾನಿನ್ನೂ ಸೇವ್ ಮಾಡಿರ್ಲಿಲ್ಲ.

"ಅಯ್ಯೋ ಆರಿಸ್ಬೇಡ ಕಣಪ್ಪಾ!" ಅಂತ ಕಿರುಚಿದ್ದು ರಮ್ಯಕ್ಕ ಅಲ್ಲ, ಅಜ್ಜಿ. "ಅದು ನಮ್ಮ ಹುಡುಗಿ ಧಾರೆ ಸೀರೆ!"

ಅಷ್ಟರಲ್ಲಿ ಅಪ್ಪ ಒತ್ತಿಯಾಗಿತ್ತು.